ಅರ್ಧ ಡಬ್ಬಿ ಬ್ರೇಕ್ ಆಯಿಲ್

ಲೆಕ್ಕದ ಪುಸ್ತಕದಲ್ಲಿ ರೈಲು ಬಂದರೆ ನಮ್ಮ ಗಣಿತ ಮೇಷ್ಟ್ರಿಗೆ ಸಿಟ್ಟು ಬರುತ್ತಿತ್ತು. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ರೈಲು ಇಂತಿಷ್ಟು ದೂರ ಸಾಗಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಯನ್ನು ಮಕ್ಕಳಿಂದ ಓದಿಸಿ, ಸೀಮೆಸುಣ್ಣ ಕೆಳಗಿಟ್ಟು ಹೇಳುತ್ತಿದ್ದರು: "ಈ ಪುಸ್ತಕ ಬರ್ದವ್ನಿಗೆ ರೈಲಿಗೆ ಬ್ರೇಕ್ ಅಂತ ಒಂದು ಇರ್ತದೆ ಅಂತ್ಲೇ ಗೊತ್ತಿಲ್ಲ ಮಕ್ಳೇ. ಇವನ ರೈಲು ಸ್ಟೇಷನ್ನಿಗೆ ಅರವತ್ತರಲ್ಲೇ ನುಗ್ತದೆ. ಇರ್ಲಿ, ಪರೀಕ್ಷೆಗೆ ಹಾಗೇ ಬರೀರಿ. ರೈಲು ಹತ್ತುವಾಗ ಮಾತ್ರ ನೆನಪಿಟ್ಕೊಳಿ." ಹೊರಗೆ ಮೈದಾನದಲ್ಲಿದ್ದ ನನಗೆ ಆ ತರಗತಿಯ ನಗು ಕೇಳಿಸುತ್ತಿತ್ತು.

ಕೊಪ್ಪದ ಅದೇ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ, ಮಕ್ಕಳ ಬಾಯಲ್ಲಿ ಡ್ರಿಲ್ ಮೇಷ್ಟ್ರು. ಅವರು ಗಣಿತ. ಇಪ್ಪತ್ತಾರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕದ ಕುರ್ಚಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅವರು ತಮ್ಮ ಹೆಸರು ಬರೆದದ್ದನ್ನು ನಾನು ಕಂಡಿಲ್ಲ. ಸೀತೂರಿನ ಕಡೆಯ ಬೇಸಾಯದ ಮನೆತನ. ಮದುವೆಯಾಗಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮನೆ. ಗಂಡ ತೀರಿಕೊಂಡ ಮೇಲೆ ಬಂದು ಸೇರಿಕೊಂಡ ಅಕ್ಕ ಜೊತೆಗಿದ್ದರು.

ಅಳೆಯದೆ ಏನನ್ನೂ ನಂಬುವವರಲ್ಲ. ಹೊಸ ಅಡಿಪಟ್ಟಿ ತಂದರೆ ಹಳೆಯದರ ಪಕ್ಕ ಇಟ್ಟು ನೋಡುತ್ತಿದ್ದರು. "ಎರಡೂ ಸುಳ್ಳು ಹೇಳ್ತಿದ್ರೆ?" ಎಂದು ಒಮ್ಮೆ ಕೇಳಿದೆ. "ಅವೆರಡೂ ಮಾತಾಡ್ಕೊಂಡಿವೆ ಅಂತಾದ್ರೂ ಗೊತ್ತಾಯ್ತಲ್ಲ ಮಾರಾಯ್ರೆ" ಎಂದರು. ಉತ್ತರ ಸರಿಯಿದ್ದರೂ ಮೀಟರು, ಕಿಲೋ ಬರೆಯದ ಹುಡುಗರಿಗೆ ಸೊನ್ನೆ. "ಹನ್ನೆರಡು ಅಂದ್ರೆ ಎಂತ? ಹನ್ನೆರಡು ಮೀಟ್ರಾ, ಹನ್ನೆರಡು ಕಡುಬಾ?"

ಮೂವತ್ತು ವರ್ಷ ಮೊಪೆಡ್ ಓಡಿಸಿದರು. ಹಾಲಿನ ಸೈಕಲ್ಲೂ ಅವರನ್ನು ಹಿಂದೆ ಹಾಕುತ್ತಿತ್ತು. ನಿವೃತ್ತಿಯಾದ ಎರಡನೇ ತಿಂಗಳು ಮಂಗಳೂರಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದರು. ಗಾತ್ರ ಸಣ್ಣದು, ಎಂಜಿನ್ ಟರ್ಬೊ. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಹುಡುಗರು ಆಸೆಪಡುವ ಕಾರನ್ನು ಅರವತ್ತು ದಾಟಿದ ಲೆಕ್ಕದ ಮೇಷ್ಟ್ರು ಬಸ್ ಸ್ಟ್ಯಾಂಡಿನ ಮುಂದೆ ತಂದು ನಿಲ್ಲಿಸಿದಾಗ ಹೋಟೆಲಿನವರೆಲ್ಲ ಹೊರಗೆ ಬಂದರು.

"ಎಂತ ಇದು ಮೇಷ್ಟ್ರೇ, ಈ ವಯಸ್ಸಿಗೆ?" ಎಂದೆ.

"ಮೂವತ್ತು ವರ್ಷ ಕಂಡಕಂಡವರಿಗೆಲ್ಲ ಸೈಡ್ ಕೊಟ್ಟೆ ಡ್ರಿಲ್ ಮೇಷ್ಟ್ರೇ. ಇನ್ನೊಂದೆರಡು ವರ್ಷ ನಾನೂ ಸೈಡ್ ತಗೊಳ್ತೇನೆ."

ಚಪ್ಪಲಿ ಕಳಚಿ ಬರಿಗಾಲಲ್ಲಿ ಓಡಿಸುತ್ತಿದ್ದರು. ಹೊರಡುವ ಮುಂಚೆ ಬ್ರೇಕನ್ನು ಮೂರು ಸಲ ಒತ್ತುತ್ತಿದ್ದರು. ಪರಿಚಯದವರ ಮನೆ ಬಾಗಿಲಲ್ಲಿ ನಿಂತು ಕೂಗುವ ಹಾಗೆ, "ಇದ್ಯಾ? ಇದ್ಯಾ?" ಎಂದು ಎರಡು ಸಲ ಕೇಳಿ, ಮೂರನೇ ಸಲಕ್ಕೆ "ಇದೆ" ಎಂದು ತಾವೇ ಹೇಳಿ ಗೇರ್ ಹಾಕುತ್ತಿದ್ದರು. ಭಾನುವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ನಾನು ಅವರ ಗೇಟಿನಲ್ಲಿರುತ್ತಿದ್ದೆ. ಎನ್.ಆರ್.ಪುರದ ಕಡೆಗೋ ಶೃಂಗೇರಿ ಕಡೆಗೋ ಒಂದು ಸುತ್ತು. ತಿರುವು ತೆಗೆಯುವಾಗ ಅವರ ಮುಖದಲ್ಲಿ ಬರುತ್ತಿದ್ದ ಗೆಲುವು ಇಪ್ಪತ್ತಾರು ವರ್ಷದ ಸ್ಟಾಫ್ ರೂಮಿನಲ್ಲಿ ನಾನು ಕಂಡಿರಲಿಲ್ಲ.

ಅಂಥ ಒಂದು ಭಾನುವಾರ ಹರಿಹರಪುರದ ಕಡೆಗೆ ಇಳಿಯುವಾಗ ಅವರು ಬ್ರೇಕನ್ನು ಮತ್ತೆ ಮತ್ತೆ ಒತ್ತಿದರು. ಕೆಳಗೆ ಬಂದು ಕಾರು ನಿಲ್ಲಿಸಿ ಹೇಳಿದರು: "ಪೆಡಲ್ ಮೆತ್ತಗಾಯ್ತು. ಈ ಎಂಜಿನ್ನಿಗೆ ಈ ಬ್ರೇಕ್ ಸಾಲ್ದು."

ಆಮೇಲೆ ನಾಲ್ಕು ತಿಂಗಳು ಅವರಿಗೆ ಬೇರೆ ಮಾತೇ ಇರಲಿಲ್ಲ. ದೊಡ್ಡ ಡಿಸ್ಕ್ ಹಾಕಬೇಕೋ, ಪ್ಯಾಡ್ ಮಾತ್ರ ಬದಲಿಸಬೇಕೋ, ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರನ್ನೇ ಬದಲಿಸಬೇಕೋ? ಇಂಥ ಕಾರುಗಳನ್ನು ಸಿಂಗರಿಸುವ ಶಿವಮೊಗ್ಗದ ಒಂದು ಅಂಗಡಿಗೆ ಇಬ್ಬರೂ ಹೋದೆವು. ಅಲ್ಲಿಯ ಯುವಕ ಕೆಂಪು ಬಣ್ಣದ ಕ್ಯಾಲಿಪರನ್ನು ಗಾಜಿನ ಕಪಾಟಿನಿಂದ ಒಡವೆಯ ಹಾಗೆ ತೆಗೆದ.

"ಇದು ಹಾಕಿದ್ರೆ ಗಾಡಿ ಲುಕ್ಕೇ ಬೇರೆ ಅಂಕಲ್."

"ಬಿಸಿ ಆದ್ಮೇಲೆ ಎಷ್ಟನೇ ಸಲಕ್ಕೆ ಸೋಲ್ತದೆ?"

"ಸೋಲೋ ಮಾತೇ ಇಲ್ಲ ಅಂಕಲ್."

"ಸೋಲದೇ ಇರೋದು ಯಾವ್ದೂ ಇಲ್ಲ. ಎಷ್ಟನೇ ಸಲಕ್ಕೆ ಅಂತ ಹೇಳು."

ಯುವಕ ಕ್ಯಾಲಿಪರನ್ನು ಮತ್ತೆ ಕಪಾಟಿನೊಳಗೆ ಇಟ್ಟ. ಹಿಂತಿರುಗುವಾಗ ನನ್ನ ಕಡೆ ನೋಡಿ ಕೇಳಿದರು: "ನಿಮ್ಮ ಹತ್ರ ಲಾಂಗ್ ಜಂಪಿನ ಟೇಪ್ ಇದ್ಯಾ?"

ಇತ್ತು. ಎಣ್ಣೆ ಒರೆಸಿ, ಸುತ್ತಿ, ಅದರ ಚೀಲದಲ್ಲೇ ಇಟ್ಟಿದ್ದೆ. ಮುಂದಿನ ಭಾನುವಾರ ಎನ್.ಆರ್.ಪುರ ರಸ್ತೆಯ ಒಂದು ನೇರ ತುಂಡಿನಲ್ಲಿ ಸುಣ್ಣದ ಗೆರೆ ಎಳೆದೆವು. ಅವರು ದೂರದಿಂದ ಅರವತ್ತರಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಒತ್ತುವುದು, ಕಾರು ನಿಂತಲ್ಲಿಗೆ ನಾನು ಟೇಪ್ ಹಿಡಿದು ಬರೆದುಕೊಳ್ಳುವುದು, ಬೇರೆ ವಾಹನ ಬಂದರೆ ಸೀಟಿ ಊದುವುದು. ನಡುವೆ ಪುರಸೊತ್ತು ಕೊಡದೆ ಹತ್ತು ಸಲ. ನಾಲ್ಕನೆಯ ಸಲ ಅಳೆಯುವಾಗ ಪಕ್ಕದ ತೋಟದಿಂದ ಒಬ್ಬರು ಗಾಬರಿಯಾಗಿ ಓಡಿ ಬಂದರು.

"ಎಂತ ಅಳೀತಿದ್ದೀರಿ? ರೋಡ್ ಅಗಲ ಮಾಡ್ತಾರಾ? ನಮ್ದು ಎಷ್ಟು ಹೋಗ್ತದೆ?"

"ಹೆದರ್ಬೇಡಿ ಮಾರಾಯ್ರೆ" ಎಂದರು ಇವರು, ಕಿಟಕಿಯಿಂದ ತಲೆ ಹೊರಗೆ ಹಾಕಿ. "ಅಗಲ ಅಲ್ಲ, ನಾವು ಉದ್ದ ಕಮ್ಮಿ ಮಾಡ್ತಿದ್ದೇವೆ."

ಮೊದಲ ಐದು ಸಲ ಕಾರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತಿತು. ಆರನೆಯದರಿಂದ ಆ ಜಾಗ ದಾಟಿ ದಾಟಿ ಹೋಯಿತು. ಹತ್ತನೆಯದಕ್ಕೆ ಸುಟ್ಟ ವಾಸನೆ. ಇಳಿದು ಬಂದು ನನ್ನ ಪಟ್ಟಿ ನೋಡಿ ತಲೆಯಾಡಿಸಿದರು. "ಇದಕ್ಕೆ ಶಕ್ತಿ ಕಮ್ಮಿ ಅಲ್ಲ, ಜ್ವರ ತಡೀಲಿಕ್ಕೆ ಆಗ್ತಿಲ್ಲ. ದೊಡ್ಡ ಡಿಸ್ಕ್ ಬೇಡ."

ಬಾಳೆಹೊನ್ನೂರಿನ ಮೆಕ್ಯಾನಿಕ್ ಜಯಣ್ಣನೂ ಅದನ್ನೇ ಹೇಳಿದ. ಅವನು ನಮ್ಮ ಹಳೆಯ ವಿದ್ಯಾರ್ಥಿ, ಈಗ ನಲವತ್ತು ದಾಟಿದವ. "ಪ್ಯಾಡು ಒಳ್ಳೇದು ಹಾಕುವ ಸಾರ್, ಆಯಿಲ್ ಹೈ ಗ್ರೇಡಿಂದು ಹಾಕುವ. ಮಾಮೂಲು ಬ್ರೇಕ್ ಆಯಿಲ್ ಇಂಥ ಓಟಕ್ಕೆ ಕುದೀತದೆ. ಕುದ್ರೆ ಒಳಗೆ ಗುಳ್ಳೆ. ಗುಳ್ಳೆ ಮೇಲೆ ಒತ್ತಿದ್ರೆ ಪೆಡಲ್ ಹಂಗೇ ಕೆಳಗೆ ಕೂರ್ತದೆ, ಗಾಡಿ ನಿಲ್ಲಲ್ಲ."

"ಇಷ್ಟು ಚಂದ ವಿವರಿಸೋನು ಗಣಿತದಲ್ಲಿ ಎರಡು ಸಲ ಎಂತಕ್ಕೆ ಫೇಲ್ ಆದೆ ಮಾರಾಯ?"

"ನೀವು ಬ್ರೇಕಿನ ಲೆಕ್ಕ ಕೇಳ್ಲೇ ಇಲ್ವಲ್ಲ ಸಾರ್."

ಆಯಿಲ್ ಮಂಗಳೂರಿನಿಂದ ಬಸ್ಸಿನಲ್ಲಿ ಬಂತು, ಎರಡು ಡಬ್ಬಿ. ಒಂದೂವರೆ ಖರ್ಚಾಯಿತು. ಹೊಸ ಪ್ಯಾಡು, ಹೊಸ ಆಯಿಲ್ ಹಾಕಿ ಮತ್ತೆ ಅದೇ ಗೆರೆಯಲ್ಲಿ ಹತ್ತು ಸಲ ಅಳೆದೆವು. ಹತ್ತೂ ಒಂದು ಮೊಳದ ಅಂತರದಲ್ಲಿ. ರಸ್ತೆ ನಡುವೆ ನಿಂತು ಅವರು ಚಪ್ಪಾಳೆ ಹೊಡೆದರು.

ಉಳಿದ ಅರ್ಧ ಡಬ್ಬಿಯ ವಿಷಯ ಹೇಳಬೇಕು.

ಜಯಣ್ಣ ಅದನ್ನು ಎಸೆಯಲು ಹೊರಟಿದ್ದ. "ಸೀಲ್ ಒಡೆದದ್ದು ಇಡೋ ಹಾಗಿಲ್ಲ ಸಾರ್." ನನಗೆ ವಸ್ತು ಎಸೆದು ಅಭ್ಯಾಸವಿಲ್ಲ. "ಇಡ್ಲಿಕ್ಕೆ ಗೊತ್ತಿಲ್ಲದವರಿಗೆ ಅದು" ಎಂದೆ. ಮುಚ್ಚಳ ಬಿಗಿದು, ಚೀಟಿ ಅಂಟಿಸಿ, ತೆರೆದ ದಿನಾಂಕ ಬರೆದು ಮನೆಗೆ ತಂದೆ. ನಮ್ಮ ಕಡೆ ಮಳೆಗಾಲದಲ್ಲಿ ಥಂಡಿ ಹಿಡಿಯಬಾರದ್ದನ್ನೆಲ್ಲ ಬೆಚ್ಚಗಿರುವಲ್ಲಿ ಏರಿಸುವುದು ರೂಢಿ. ನಮ್ಮ ಮನೆಯಲ್ಲಿ ಅಂಥ ಜಾಗ ಬಚ್ಚಲುಮನೆಯ ಅಟ್ಟ. ಕೆಳಗೆ ಒಲೆಯ ಮೇಲೆ ಹಂಡೆ. ಬೀಜದ ಸೌತೆ, ಕಟ್ಟಿಗೆ ಹೊತ್ತಿಸುವ ಸಿಪ್ಪೆ, ಬೆಂಕಿಪೊಟ್ಟಣದ ಕಟ್ಟು, ಎಲ್ಲ ಅಲ್ಲೇ. ಡಬ್ಬಿಯನ್ನೂ ಅಲ್ಲೇ ಇಟ್ಟೆ. ಒಂದು ಮಳೆಗಾಲ ಕಳೆಯಿತು.

ಮಳೆ ಹಿಂದೆ ಸರಿದ ಮೇಲೆ ಅವರ ಕಾರಿನ ಹಿಂದಿನ ಚಕ್ರದಲ್ಲಿ ಆಯಿಲ್ ಸೋರಿತು. ಸೋರುವ ಭಾಗವನ್ನು ಜಯಣ್ಣ ಬದಲಿಸಿದ. ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆದು ಆಯಿಲ್ ತುಂಬಬೇಕು. ಆ ಗ್ರೇಡಿನದು ಅಂಗಡಿಯಲ್ಲಿರಲಿಲ್ಲ, ಬಸ್ಸಿನಲ್ಲಿ ಬರಲು ಎರಡು ದಿನ. ಶೃಂಗೇರಿಯಲ್ಲಿ ಸಂಬಂಧಿಕರ ಮನೆಗೆ ಹೋಗಿದ್ದ ಅಕ್ಕನನ್ನು ಮರುದಿನವೇ ಕರೆತರಬೇಕಿತ್ತು. ನಾನು ಡಬ್ಬಿ ತಂದುಕೊಟ್ಟೆ.

ಜಯಣ್ಣ ಅದನ್ನು ಕೈಯಲ್ಲಿ ತಿರುಗಿಸಿದ. ಚೀಟಿ ಓದಿದ. "ಹಾಕ್ಬಹುದಾ ಸಾರ್?" ಎಂದು ಅವರನ್ನು ಕೇಳಿದ.

"ಭದ್ರವಾಗಿ ಇಟ್ಟದ್ದು. ನನ್ನ ಜವಾಬ್ದಾರಿ" ಎಂದೆ ನಾನು.

ಅವರು ನನ್ನ ಮುಖ ನೋಡಿದರು. ಅಡಿಪಟ್ಟಿಯನ್ನೂ ನಂಬದ ಮನುಷ್ಯ. ಒಂದು ಕ್ಷಣವೂ ಹಿಡಿಯಲಿಲ್ಲ. "ಡ್ರಿಲ್ ಮೇಷ್ಟ್ರು ಇಟ್ಟದ್ದು ಅಂದ್ಮೇಲೆ ಮುಗೀತು. ಹಾಕು" ಎಂದರು.

ಮರುದಿನ ಬೆಳಿಗ್ಗೆ ಒಬ್ಬರೇ ಹೊರಟರು. ಅಂದೂ ಮೂರು ಸಲ ಒತ್ತಿ ಕೇಳಿರುತ್ತಾರೆ. ತಣ್ಣಗಿರುವಾಗ ಹಾಳಾದ ಆಯಿಲೂ ಗಟ್ಟಿಯಾಗಿಯೇ ಉತ್ತರ ಕೊಡುತ್ತದೆ. ಹರಿಹರಪುರಕ್ಕೆ ಇಳಿಯುವ ತಿರುವುಗಳಲ್ಲಿ ಅವರ ಕಾರು ರಸ್ತೆ ಪಕ್ಕದಲ್ಲಿ ಗುಡ್ಡ ಕಡಿದು ನಿಂತ ಮಣ್ಣಿನ ದರೆಗೆ ಉಜ್ಜಿಕೊಂಡು ಹೋಗಿ ಮಗ್ಗುಲಾಯಿತು. ದರೆ ಎಡಕ್ಕೆ, ಇಳಿಜಾರು ಬಲಕ್ಕೆ. ದರೆಯನ್ನು ಅವರೇ ಆರಿಸಿಕೊಂಡಿದ್ದರು. ತೊಡೆಯ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ನಾನು ಕೇಳುವ ಮುಂಚೆಯೇ ಹೇಳಿದರು: "ದನ ಅಡ್ಡ ಬಂತು ಮಾರಾಯ್ರೆ."

"ಬ್ರೇಕ್ ಹಿಡೀಲಿಲ್ವಾ?"

"ಹಿಡೀತು. ನಾನೇ ಒತ್ತಿದ್ದು ತಡ."

ನಾನು ಆ ತಿರುವಿಗೆ ಹೋದೆ. ಬಸ್ಸಿಳಿದು ಅರ್ಧ ಮೈಲಿ ನಡೆದೆ. ದರೆಯಲ್ಲಿ ಕಾರು ಉಜ್ಜಿದ ಗಾಯ ಉದ್ದಕ್ಕೆ ಇತ್ತು. ರಸ್ತೆಯ ಮೇಲೆ ಟೈರು ಎಳೆದ ಗುರುತು ಒಂದೂ ಇರಲಿಲ್ಲ. ಹತ್ತಿರವಿದ್ದ ಒಂದೇ ಮನೆಯ ಹೆಂಗಸನ್ನು ಕೇಳಿದೆ, ಇಲ್ಲಿ ಯಾರ ದನ ರಸ್ತೆಗೆ ಬರುತ್ತದೆ ಎಂದು. ಆಕೆ ನಕ್ಕುಬಿಟ್ಟರು. "ಇಲ್ಲಿ ದನ ಸಾಕೋರು ಯಾರಿದ್ದಾರೆ ಸಾರ್? ನಾವೇ ಪ್ಯಾಕೆಟ್ ಹಾಲು ತರೋದು."

ಡಬ್ಬಿಯ ತಳದಲ್ಲಿ ಒಂದು ಬೆರಳಿನಷ್ಟು ಉಳಿದಿತ್ತು. ಅದನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಾಳೆಹೊನ್ನೂರಿಗೆ ಹೋದೆ. ಆಯಿಲಿನಲ್ಲಿ ನೀರು ಸೇರಿದೆಯೇ ಎಂದು ನೋಡುವ, ಪೆನ್ನಿನಂಥ ಒಂದು ಸಾಧನವನ್ನು ಜಯಣ್ಣ ಆಗಷ್ಟೇ ತರಿಸಿದ್ದ. ಅದ್ದಿದ. ಕೆಂಪು ದೀಪ ಹತ್ತಿತು. ಹೊಸ ಡಬ್ಬಿ ಒಡೆದು ಅದರಲ್ಲಿ ಅದ್ದಿದ. ಹಸಿರು. ಮತ್ತೆ ನನ್ನದರಲ್ಲಿ. ಕೆಂಪು.

"ಎಲ್ಲಿ ಇಟ್ಟಿದ್ರಿ ಸಾರ್?"

"ಬಚ್ಚಲುಮನೆ ಅಟ್ಟದಲ್ಲಿ. ಬೆಚ್ಚಗಿರ್ತದಲ್ಲ."

"ಹಂಡೆ ಕಾಯೋ ಬಚ್ಚಲಾ?"

ನಾನು ಡಬ್ಬಿಯ ಮುಚ್ಚಳ ಬಿಗಿದೆ.

"ಸಾರ್, ಇದು ಗಾಳೀಲಿರೋ ಪಸೆಯನ್ನೇ ಹೀರ್ತದೆ. ನೀರು ಸೇರಿದ್ರೆ ಬೇಗ ಕುದೀತದೆ. ಆ ಆವೀಲಿ ಒಂದು ಮಳೆಗಾಲ..." ಎಂದವನು ಅಲ್ಲಿಗೇ ನಿಲ್ಲಿಸಿ ಪೆನ್ನನ್ನು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ. ಕೊನೆಗೆ, "ಅವ್ರಿಗೆ ಹೇಳ್ಬೇಕಾ?" ಎಂದ.

"ನಾನೇ ಹೇಳ್ತೇನೆ."

ಹೇಳಲಿಲ್ಲ. ಪ್ರತಿ ಗುರುವಾರ ನಾಲ್ಕು ಗಂಟೆಗೆ ಅವರ ಮನೆಗೆ ಹೋಗುತ್ತಿದ್ದೆ. ಒಂದು ವಾರವೂ ತಪ್ಪಿಸಲಿಲ್ಲ, ಐದು ನಿಮಿಷ ತಡವಾಗಿಯೂ ಹೋಗಲಿಲ್ಲ. ಮೂಳೆ ಕೂಡಿತು, ಕಾಲು ಮಾತ್ರ ಗಿಡ್ಡವಾಯಿತು. ಕಾರನ್ನು ಗುಜರಿಗೆ ಕೊಟ್ಟರು. ಗೇಟಿನವರೆಗೆ ಕೋಲೂರಿ ಬರುವುದಷ್ಟೇ ಅವರ ತಿರುಗಾಟವಾಯಿತು. ಪ್ರತಿ ಗುರುವಾರ ನನ್ನ ನಾಲಿಗೆಯ ತುದಿಗೆ ಆ ಮಾತು ಬರುತ್ತಿತ್ತು, ಅಷ್ಟರಲ್ಲಿ ಅವರು ದನದ ಸುದ್ದಿ ತೆಗೆಯುತ್ತಿದ್ದರು.

ಮೊದಲು ಅದು ಬರೀ ದನವಾಗಿತ್ತು. ಆಮೇಲೆ ಕಂದು ಬಣ್ಣ ಬಂತು. ಇನ್ನೊಂದು ವಾರ ಹಣೆಯಲ್ಲಿ ಬಿಳಿ ಬೊಟ್ಟು. ಕುತ್ತಿಗೆಯಲ್ಲಿ ತುಂಡಾದ ಹಗ್ಗ. ಎಡಗೊಂಬು ಸ್ವಲ್ಪ ಮುರಿದದ್ದು. "ನನ್ನನ್ನೇ ನೋಡ್ತು ಮಾರಾಯ್ರೆ, ಒಳ್ಳೆ ಇನ್ಸ್‌ಪೆಕ್ಟರ್ ನೋಡಿದ ಹಾಗೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಜೀವಮಾನದಲ್ಲಿ ಇಲ್ಲದ್ದನ್ನು ಇದೆ ಎನ್ನದ ಮನುಷ್ಯ ನನ್ನೆದುರು ಕೂತು ವಾರ ವಾರ ಒಂದು ದನವನ್ನು ಕಟ್ಟಿ ನಿಲ್ಲಿಸುತ್ತಿದ್ದರು. ಕೊಂಬು ಬಂದ ದಿನದಿಂದ ಅದು ನನ್ನ ಕಣ್ಣಿಗೂ ಕಾಣಿಸತೊಡಗಿತು. ಬೆಳಿಗ್ಗೆ ಐದೂಕಾಲಿಗೆ ನಾನು ಹಂಡೆಯ ಮುಚ್ಚಳ ತೆಗೆಯುತ್ತೇನೆ. ಆವಿ ಎದ್ದು ಅಟ್ಟದ ಹಲಗೆಯ ಸಂದಿಗೆ ನುಗ್ಗುತ್ತದೆ. ಅಟ್ಟವನ್ನು ಖಾಲಿ ಮಾಡಿಯಾಗಿದೆ. ಆದರೂ ಆವಿ ದಿನವೂ ಅಲ್ಲಿಗೇ ಹೋಗುತ್ತದೆ. ಅದರೊಳಗಿಂದ ಆ ಬಿಳಿ ಬೊಟ್ಟಿನ ಹಣೆ ನನ್ನ ಕಡೆ ನೋಡುತ್ತಿರುತ್ತದೆ.

ಒಂದು ಗುರುವಾರ ತಡೆಯಲಾಗಲಿಲ್ಲ. ಅಕ್ಕ ಅಂಗಡಿಗೆ ಹೋಗಿದ್ದರು. "ಮೇಷ್ಟ್ರೇ, ಅಲ್ಲಿ ದನ ಇರ್ಲಿಲ್ಲ" ಎಂದೆ.

ಅವರು ಕೋಲನ್ನು ಗೋಡೆಗೆ ಒರಗಿಸಿದರು. "ನೀವು ಅಲ್ಲಿದ್ರಾ?"

"ಇಲ್ಲ."

"ನೋಡ್ದೇ ಹೇಳ್ಬಾರ್ದು."

"ನನ್ನ ಆಯಿಲು..."

"ಡ್ರಿಲ್ ಮೇಷ್ಟ್ರೇ" ಎಂದರು, ತರಗತಿಯಲ್ಲಿ ಗದ್ದಲವಾದಾಗ ತೆಗೆಯುತ್ತಿದ್ದ ಸಣ್ಣ ದನಿಯಲ್ಲಿ. "ಕಾಲು ನಂದು. ದನವೂ ನಂದು. ಕಾಪಿ ಕುಡೀರಿ, ಆರ್ತದೆ."

ಕುಡಿದೆ. ಅದಾದ ಮೇಲೆ ಆ ಮಾತು ಎತ್ತಲು ನನಗೆ ದಾರಿಯೇ ಉಳಿಯಲಿಲ್ಲ. ಕ್ಷಮಿಸಿದರೋ, ಕ್ಷಮೆ ಕೇಳುವುದಕ್ಕೂ ಬಿಡದೆ ಶಿಕ್ಷಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಳೆಯದೆ ನಂಬಿದ ತಪ್ಪಿಗೆ ತಮಗೇ ಸೊನ್ನೆ ಕೊಟ್ಟುಕೊಂಡಿರಲೂಬಹುದು. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಲ್ಲೇ ಹೃದಯ ನಿಂತು ಹೋದರು.

ಶಾಲೆಯ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ. ಸ್ವಾಗತ ಮಾಡಿದವರು, ಒಂದು ಮೂಕಪ್ರಾಣಿಯನ್ನು ಉಳಿಸಲು ಹೋಗಿ ಕಾಲನ್ನೇ ಕೊಟ್ಟ ಕರುಣಾಳು ಎಂದು ಅವರನ್ನು ಹೊಗಳಿದರು. ಮುಂದಿನ ಸಾಲಿನಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಜಯಣ್ಣ ಹಿಂದಿನ ಬಾಗಿಲ ಹತ್ತಿರ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಮೂರು ನಿಮಿಷದ ಭಾಷಣ ಬರೆದುಕೊಂಡು ಹೋಗಿದ್ದೆ. ಅದರಲ್ಲಿ ಐದನೆಯ ಸಾಲು ನಿಜ ಹೇಳುವ ಸಾಲು. ನಾಲ್ಕನೆಯ ಸಾಲು ಓದಿದೆ. ಆರನೆಯ ಸಾಲು ಓದಿದೆ. ಇಳಿದು ಬಂದು ಕೂತೆ. ಬಾಗಿಲ ಹತ್ತಿರ ಜಯಣ್ಣ ಇರಲಿಲ್ಲ.

ಸಭೆ ಮುಗಿದ ಮೇಲೆ ಅಕ್ಕನನ್ನು ಮನೆಗೆ ಬಿಟ್ಟುಬರಲು ಹೋದೆ. ಗೇಟಿನಲ್ಲಿ ನಿಂತು ಅವರು ಕೇಳಿದರು:

"ಮಾರಾಯ್ರೆ, ಆ ದನ ಯಾವ ಬಣ್ಣದ್ದು ಅಂದಿದ್ದ ನಿಮ್ಮ ಹತ್ರ?"

"ಯಾಕಕ್ಕ?"

"ನನ್ನ ಹತ್ರ ಒಂದೇ ಸಲ ಹೇಳಿದ್ದು. ಕಪ್ಪು ಅಂದಿದ್ದ. ಇವತ್ತು ಯಾರೋ ಕಂದು ಅಂದ್ರು. ಅವ್ನು ಎರಡು ಮಾತು ಆಡೋನಲ್ಲ. ಅದಕ್ಕೆ ಕೇಳ್ದೆ."

ಎಪ್ಪತ್ತು ದಾಟಿದ ಮುಖ. ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ನಿಜ ಹೇಳುವುದಕ್ಕೆ ಅದಕ್ಕಿಂತ ಸರಿಯಾದ ಹೊತ್ತು ಇನ್ನೊಂದಿರಲಿಲ್ಲ.

"ಕಪ್ಪೇ ಅಕ್ಕ" ಎಂದೆ.

"ಹಾಗಾದ್ರೆ ಸರಿ" ಎಂದು ಅವರು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಅದುವರೆಗೆ ನಾನು ಸುಮ್ಮನಿದ್ದವನು ಮಾತ್ರ. ಆ ಗೇಟಿನಲ್ಲಿ ಸುಳ್ಳು ಹೇಳಿದವನಾದೆ.

ಹಳೆಯ ವಿದ್ಯಾರ್ಥಿಗಳು ಅವರ ನೆನಪಿಗೆ ಒಂದು ಸಂಚಿಕೆ ತರುತ್ತಿದ್ದಾರೆ. ಒಳ್ಳೆಯ ಮಾತು ನಾಲ್ಕು ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಕೊಡುತ್ತಿರುವುದು ಇದು. ಒಂದು ಸಾಲನ್ನೂ ಬಿಡಬಾರದು ಎಂಬ ಷರತ್ತು ಹಾಕಿದ್ದೇನೆ. ಅಕ್ಕ ಕೈಗೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಅಚ್ಚುಕೂಟದ ಹೆಸರಿನವರೆಗೆ ಓದುವವರು. ಅಕ್ಕ, ಆ ದನ ಕಪ್ಪೂ ಅಲ್ಲ, ಕಂದೂ ಅಲ್ಲ. ನಿಮ್ಮ ತಮ್ಮ ಎರಡು ಮಾತು ಆಡಿದ್ದು ನನ್ನ ಸಲುವಾಗಿ. ಸಂಚಿಕೆ ನಿಮ್ಮ ಕೈ ಸೇರಿದ ಮರುದಿನ ನಾನು ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಬಿಟ್ಟದ್ದು.